ಒಂದೂವರೆ ವೋಲ್ಟಿನ ತಂಬೂರಿ

ಜ್ಞಾನಪ್ರಕಾಶರು ವಿದ್ಯಾನಗರದ ಇಂಜಿನಿಯರಿಂಗ್ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಮೂವತ್ತನಾಲ್ಕು ವರ್ಷ ಸಹಾಯಕರಾಗಿದ್ದರು. ನಿವೃತ್ತರಾದ ಮೇಲೆ ಉಣಕಲ್ಲಿನ ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಚರ್ಚಿನ ಮುದುಕ ಮುದುಕಿಯರಿಗೆ ಕಿವಿ ಮಶಿನ್ ಮಾಡಿಕೊಡತೊಡಗಿದರು. ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ಒಂದೂವರೆ ವೋಲ್ಟಿನ ಒಂದೇ ಸೆಲ್ಲು, ಕಿವಿಗೊಂದು ವೈರು. ಒಳಗಿನ ಆಂಪ್ಲಿಫೈಯರ್ ಮೆಲುದನಿಯನ್ನು ತಾನೇ ಎತ್ತುತ್ತಿತ್ತು, ಜೋರುದನಿಯನ್ನು ತಾನೇ ತಗ್ಗಿಸುತ್ತಿತ್ತು. ಪಾದ್ರಿಗಳ ಪ್ರಸಂಗವೂ ಪಕ್ಕದವರ ಪಿಸುಮಾತೂ ಒಂದೇ ಅಳತೆಯಲ್ಲಿ ಕೇಳುತ್ತಿದ್ದವು. ಎಲ್ಲರೂ ಹರಸಿದರು.

ಕಾಶೀಬಾಯಿಯವರೊಬ್ಬರು ಮಾತ್ರ ಹರಸಲಿಲ್ಲ.

ಧಾರವಾಡದ ಮಾಳಮಡ್ಡಿಯಲ್ಲಿ ಐವತ್ತು ವರ್ಷ ಹಾಡು ಕಲಿಸಿದವರು ಅವರು, ಈಗ ಎಪ್ಪತ್ತೆಂಟು. ಕಿವಿ ಮಂದವಾಗಿ ಅವರು ಅಂಗಡಿಯಲ್ಲಿ ಕೊಂಡಿದ್ದ ಹೊಸ ಮಶಿನ್ ತಂಬೂರಿಯ ನಾದವನ್ನು ಗದ್ದಲವೆಂದು ತಿಳಿದು ಅಳಿಸಿಬಿಡುತ್ತಿತ್ತು. ಎಡೆಬಿಡದ ಒಂದೇ ದನಿಯೆಂದರೆ ಅದಕ್ಕೆ ಫ್ಯಾನೂ ಒಂದೇ, ತಂಬೂರಿಯೂ ಒಂದೇ. ಷಡ್ಜವೇ ಕೇಳದೆ ಶ್ರುತಿ ತಿದ್ದುವುದು ಹೇಗೆ? ಉಳಿದಿದ್ದ ಒಬ್ಬಳೇ ಶಿಷ್ಯೆ ಸುರಭಿಗೆ ಹೇಳಿಬಿಟ್ಟಿದ್ದರು: “ಯುಗಾದಿ ತನಕ ನೋಡೋಣ. ಆಮ್ಯಾಲ ಬ್ಯಾರೆ ಗುರುಗಳನ್ನ ಹುಡುಕ್ಕೋ. ಕೇಳದ ಕಿವಿ ಇಟ್ಕೊಂಡು ಕಲಿಸೋದು ಮೋಸ ಆಗ್ತದ.”

ಸುದ್ದಿ ತಿಳಿದು ಜ್ಞಾನಪ್ರಕಾಶರು ತಮ್ಮ ಪೆಟ್ಟಿಗೆ ಒಯ್ದರು. ಸುರಭಿ ಹಾಡಿದಳು. ಕಾಶೀಬಾಯಿ ಸ್ವಲ್ಪ ಹೊತ್ತು ಕೇಳಿ ವೈರು ಕಿತ್ತರು.

“ಪ್ರಕಾಶಾ, ಇದು ತಂಬೂರಿಯೋ, ಕಮ್ಮಾರನ ತಿದಿಯೋ? ಈಕಿ ಹಾಡಿದ್ರ ಮುಳಗ್ತದ, ಉಸಿರು ತಗೊಂಡ್ರ ಮೈಮ್ಯಾಲ ಬರ್ತದ.”

“ದನಿ ಸಮ ಮಾಡತೈತ್ರಿ ಬಾಯಾರ.”

“ಸಮ ಮಾಡ್ಲಿಕ್ಕೆ ಯಾರು ಹೇಳ್ಯಾರಪಾ? ಮೆಲ್ಲಕ ಹಾಡಿದ್ದು ಮೆಲ್ಲಕ ಕೇಳಬೇಕು. ಹಾಡಿಗೆ ಇಸ್ತ್ರಿ ಹೊಡದೀಯಲ್ಲೋ!”

ತಾನೇ ಏರಿಳಿಸುವ ಆ ಹಿಡಿತವನ್ನು ತೆಗೆಯುವುದು ಸುಲಭ. ಆದರೆ ಒಂದೂವರೆ ವೋಲ್ಟೆಂದರೆ ತಗ್ಗು ಸೂರಿನ ಮನೆ. ಮಂದ್ರಸ್ವರ ಕೇಳುವಷ್ಟು ಎತ್ತಿಟ್ಟರೆ ತಾರ ಷಡ್ಜ ಸೂರಿಗೆ ತಲೆ ಬಡಿದು ಒಡೆಯುತ್ತಿತ್ತು. ಮೂರು ವಾರ ಜ್ಞಾನಪ್ರಕಾಶರು ಮನೆಯಲ್ಲಿ ತಂಬೂರಿಯ ರೆಕಾರ್ಡು ಹಚ್ಚಿಕೊಂಡೇ ಕೂತರು. ಹಿಡಿತವನ್ನು ನಿಧಾನ ಮಾಡಿ ನೋಡಿದರು. ದನಿ ಒಡೆದ ಮೇಲೆ ಅದಕ್ಕೆ ಎಚ್ಚರವಾಗುತ್ತಿತ್ತು.

“ಅವರ ಕಿವಿ ಛಲೋ ಆಗೂದ್ರಾಗ ನನ್ನವು ಹೋಗತಾವ,” ಎಂದಳು ಹೆಂಡತಿ ಸಾರಾ, ಚಹಾ ಇಡುತ್ತ. “ಹಿಂದಕ ಕಾಲೇಜ್ ಗ್ಯಾದರಿಂಗಿನ್ಯಾಗ ಇದ ಬಾಯಾರು ಹಾಡಿದಾಗ ಮೈಕ್ ನೋಡಿಕೊಂಡವ್ರು ನೀವ ಅಲ್ಲೇನ್ರಿ? ಆಗ ಹೆಂಗ ಮಾಡಿದ್ರಿ?”

ಜ್ಞಾನಪ್ರಕಾಶರ ಕೈ ನಿಂತಿತು. ಆ ವಾರ್ಷಿಕೋತ್ಸವದ ಹೊತ್ತಿಗೆ ಅವರಿಗೆ ಇಪ್ಪತ್ತನಾಲ್ಕು ವರ್ಷ. ಪರದೆಯ ಮರೆಯಲ್ಲಿ ಆಂಪ್ಲಿಫೈಯರಿನ ಗುಂಡಿ ಹಿಡಿದು ಕೂತಿದ್ದರು. ಎರಡು ಸಲ ಸ್ಪೀಕರು ಕಿರುಚಿದ ಮೇಲೆ, ಮೇಲೇರುವ ಮುನ್ನ ಕಾಶೀಬಾಯಿ ಎಡಗೈಯನ್ನು ಒಂದಿಷ್ಟು ಎತ್ತುತ್ತಾರೆಂದು ಕಂಡುಕೊಂಡರು. ಆಮೇಲೆ ಆ ಕೈ ನೋಡುತ್ತ ಗುಂಡಿ ತಿರುಗಿಸಿದರು. ಆ ಸಂಜೆಯ ಯಮನ್ ರಾಗ ಇಡಿಯಾಗಿ ಜ್ಞಾನಪ್ರಕಾಶರ ಬೆರಳುಗಳ ಮೂಲಕ ಹಾದುಹೋಗಿತ್ತು. ಸಭೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ತಾನೇ ಏರಿಳಿಸುವ ಹಿಡಿತವನ್ನು ಬಿಟ್ಟು, ಹೊಸ ಪೆಟ್ಟಿಗೆಯ ಅಂಚಿಗೆ ಹೆಬ್ಬೆರಳಿಗೆ ಸಿಗುವಂತೆ ದನಿ ಏರಿಳಿಸುವ ಸಣ್ಣ ಗಾಲಿಯೊಂದನ್ನು ಕೂಡಿಸಿದರು. ದನಿಯೇ ಗಾಲಿಯಲ್ಲಿ ಹರಿದರೆ ಕರಕರ ಅನ್ನುತ್ತದೆ. ಅದಕ್ಕೆ ಟ್ರಾನ್ಸಿಸ್ಟರಿಗೆ ಹೋಗುವ ಕರೆಂಟನ್ನಷ್ಟೇ ಗಾಲಿ ಏರಿಳಿಸುವಂತೆ ಮಾಡಿದರು. ಕರೆಂಟು ಇಳಿದರೆ ದನಿ ಸದ್ದಿಲ್ಲದೆ ಇಳಿಯುತ್ತಿತ್ತು. ಪೆಟ್ಟಿಗೆ ಹಿಡಿದು ಮತ್ತೆ ಮಾಳಮಡ್ಡಿಗೆ ಹೋದರು.

“ಬಾಯಾರ, ಮಶಿನ್ನಿಗೆ ದನಿ ಬಂದ ಮ್ಯಾಲ ತಿಳೀತೈತಿ. ನಿಮಗ ಬರೂಕಿಂತ ಮೊದಲ ತಿಳೀತೈತಿ. ಗಾಲಿ ನಿಮ್ಮ ಕೈಯಾಗ ಇರಲ್ರಿ.”

“ನಾ ಕಲಿಸ್ಲೋ, ನಿನ್ನ ಗಾಲಿ ತಿರುವ್ಲೋ?”

ಆದರೂ ಕಾಶೀಬಾಯಿ ಗಾಲಿ ಹಿಡಿದರು, ಸುರಭಿ ಹಾಡಿದಳು. ಮೊದಲ ಸಲ ತಾರ ಷಡ್ಜ ಒಡೆಯಿತು. ಎರಡನೆಯ ಸಲ, ಸುರಭಿ ಉಸಿರು ತುಂಬಿಕೊಳ್ಳುವ ಮುಂಚೆಯೇ ಹೆಬ್ಬೆರಳು ಸರಿಯಿತು. ದನಿ ಇಡಿಯಾಗಿ ಮೇಲೇರಿತು. ಕೆಳಗೆ ತಂಬೂರಿ ತನ್ನ ಜಾಗದಲ್ಲೇ ಇತ್ತು.

“ನಿಲ್ಲು. ನಿಷಾದ ಇಳೀತು. ಎಂದಿನಿಂದ ಹಿಂಗ?”

ಸುರಭಿ ಹಾಡು ನಿಲ್ಲಿಸಿದಳು. “ದೀಪಾವಳಿಯಿಂದ್ರಿ. ದಿನಾ ಒಮ್ಮೆ ಬೇಕಂತನ ಇಳಸ್ತಿದ್ದೆ. ನಿಮಗ ಕೇಳಸ್ತದೇನು, ನೀವು ಬೈತೀರೇನು ಅಂತ.”

ಕಾಶೀಬಾಯಿ ಅವಳ ಕಿವಿ ಹಿಂಡಿದರು.

“ಬೇಕಂತ ಅಪಸ್ವರ ಹಾಡಿದ್ಯಾ, ಕಳ್ಳಿ? ನಾಳೆ ಮುಂಜಾನೆ ಆರಕ್ಕ ಬಾ. ಬರೇ ನಿಷಾದ. ಒಂದು ತಿಂಗಳು.”

ಜ್ಞಾನಪ್ರಕಾಶರ ಕಡೆ ಯಾರೂ ತಿರುಗಲಿಲ್ಲ. ಅವರು ಹೊರಗೆ ಬಂದು ಸ್ಕೂಟರಿನ ಪಕ್ಕ ನಿಂತು, ಒಳಗಿನ ಬೈಗುಳವನ್ನು ಬಹಳ ಹೊತ್ತು ಕೇಳಿದರು.