ತಂಗಡಗಿಗೆ ಹೊರಟ ಗಾಡಿಯಲ್ಲಿ ಕರೆಂಟು ಕೈಕೊಟ್ಟಾಗ

ಬಸ್ ಓಡಿಸುವ ಕೆಲಸದಿಂದ ನಿವೃತ್ತರಾದ ಮೇಲೆ ನನ್ನ ಗಂಡ ಮೊದಲು ಮಾಡಿದ್ದು ಒಂದು ಹಳೆಯ ವ್ಯಾನ್ ಕೊಂಡದ್ದು. ಶಾಲೆಯ ಮಕ್ಕಳನ್ನು ಹೊತ್ತು ಹೊತ್ತು ಸವೆದಿದ್ದ ಅದರ ಸೀಟುಗಳನ್ನು ಕಿತ್ತು, ಇಂಡಿ ಊರಿನ ನಮ್ಮ ಮನೆಯ ಅಂಗಳದಲ್ಲೇ ನಿಲ್ಲಿಸಿಕೊಂಡು ಅದನ್ನು ಪುಟ್ಟ ಮನೆಯಾಗಿ ಮಾಡಿದರು. ಎರಡು ಮಂಚ, ಒಂದು ಅಡುಗೆ ಕಟ್ಟೆ, ಹಿಂದುಗಡೆ ಸಣ್ಣ ಸಂಡಾಸು. ಸಂಡಾಸು ಮುಖ್ಯವಾಗಿ ನಮ್ಮ ಅತ್ತೆಗಾಗಿ. ಮೊಣಕಾಲು ನೋವಿನಿಂದ ಅವರು ಬಸ್ಸು ಹತ್ತುವುದನ್ನೇ ಬಿಟ್ಟಿದ್ದರು. ಕೃಷ್ಣೆಯ ದಂಡೆಯ ತಂಗಡಗಿಯಲ್ಲಿರುವ ತಂಗಿಯನ್ನು ನೋಡಿ ಬರಬೇಕೆಂಬ ಆಸೆ ಮಾತ್ರ ಬಿಟ್ಟಿರಲಿಲ್ಲ.

ವೈರಿಂಗನ್ನು ನಾವಿಬ್ಬರೂ ಸೇರಿಯೇ ಮಾಡಿದೆವು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕರಿಹಲಗೆಯ ಮೇಲೆ ಎಷ್ಟೋ ಬ್ಯಾಟರಿ, ಎಷ್ಟೋ ಬಲ್ಬು ಬರೆದಿದ್ದೇನೆ. ಒಂದೂ ಹತ್ತದೆ ಉಳಿದಿಲ್ಲ. ಆ ಧೈರ್ಯದ ಮೇಲೆ ಮಂಚದ ಕೆಳಗೆ ದೊಡ್ಡ ಬ್ಯಾಟರಿ ಕೂರಿಸಿ, ಅದರ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಇನ್ವರ್ಟರನ್ನು ಪಕ್ಕದಲ್ಲಿಟ್ಟೆವು. ಲೈಟು ಹತ್ತಿತು, ಫ್ಯಾನು ತಿರುಗಿತು. ಬೇಸಿಗೆ ರಜೆ ಬಂದದ್ದೇ ತಡ, ಹೊರಟೆವು.

ಮೊದಲ ನಿಲುಗಡೆ ಯಂಕಂಚಿ. ಗಂಡನ ಗೆಳೆಯರೊಬ್ಬರ ಹೊಲದಲ್ಲಿ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ರೊಟ್ಟಿಯ ಗಂಟು ಬಿಚ್ಚಿದೆವು. ಅತ್ತೆಗೆ ಬಿಸಿಬಿಸಿ ಶೇಂಗಾ ಚಟ್ನಿ ಬೇಕಿತ್ತು. ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರ ಹಾಕಿ ಮಿಕ್ಸರಿನ ಗುಂಡಿ ತಿರುಗಿಸಿದೆ. ಅದು ಒಮ್ಮೆ ಗುರ್ ಎಂದಿತು. ಅಷ್ಟಕ್ಕೇ ಫ್ಯಾನು ನಿಂತಿತು, ಇನ್ವರ್ಟರು ಕುಂಯ್ ಕುಂಯ್ ಎಂದು ಕೂಗತೊಡಗಿತು.

"ಯಾರ ಕೂಸು ಅಳಾಕತ್ತೈತಿ?" ಎಂದರು ಅತ್ತೆ.

"ನಿಮ್ಮ ಮಗನ ಕೂಸು ಅತ್ತೆವ್ವಾ," ಎಂದೆ.

ಗಂಡ ಮಂಚದ ಕೆಳಗೆ ತೂರಿದರು. ಫ್ಯೂಜು ಸುಟ್ಟಿರಲಿಲ್ಲ. ಇನ್ವರ್ಟರನ್ನು ಆರಿಸಿ ಮತ್ತೆ ಹಚ್ಚಿದರೆ ಫ್ಯಾನು ತಿರುಗುತ್ತಿತ್ತು. ಮಿಕ್ಸರ್ ಹಚ್ಚಿದೊಡನೆ ಮತ್ತೆ ಅದೇ ಅಳು. ಆಗ ನನಗೆ ಹೊಳೆಯಿತು: ಇಂಡಿಯಲ್ಲಿ ಮಿಕ್ಸರನ್ನು ನಾವು ಹಚ್ಚಿ ನೋಡಿದ್ದು ಮನೆಯ ಗೋಡೆಯ ಪ್ಲಗ್ಗಿನಿಂದ ವೈರು ಎಳೆದು. ಬ್ಯಾಟರಿಯಿಂದ ಅದನ್ನು ತಿರುಗಿಸಿ ನೋಡಿರಲೇ ಇಲ್ಲ.

"ಬ್ಯಾಟರಿ ಸತ್ತೈತಿ," ಎಂದು ಗಂಡ ತೀರ್ಪು ಕೊಟ್ಟರು. ಅಲ್ಲಿಂದ ಸಿಂದಗಿಯ ಪೇಟೆಗೆ ಹೋಗಿ ಬ್ಯಾಟರಿ ಅಂಗಡಿಯ ಮುಂದೆ ನಿಂತೆವು. ಅಂಗಡಿಯ ಸಾಹೇಬರು ಬ್ಯಾಟರಿಯ ಬಲ ಅಳೆಯುವ ತಮ್ಮ ಚಿಮಟ ಹಚ್ಚಿ ನೋಡಿ ನಕ್ಕರು.

"ಹೊಸಾದು ಕೊಡ್ರಿ," ಎಂದರು ಗಂಡ.

"ಯಾಕ್ರಿ ಸರ? ಇದು ಪೈಲ್ವಾನ ಇದ್ದಂಗ ಐತಿ. ಒಯ್ದು ಮಂಚದ ಬುಡಕ ಇಡ್ರಿ. ತ್ರಾಸು ಬ್ಯಾರೆ ಎಲ್ಲೋ ಐತಿ."

ನಾನು ಅವರ ಪಕ್ಕದ ಅಂಗಡಿಯಲ್ಲಿ ವೋಲ್ಟೇಜು ಅಳೆಯುವ ಒಂದು ಮೀಟರ್ ಕೊಂಡೆ. ದಾರಿಯುದ್ದಕ್ಕೂ ಗಂಡ ಮಿಕ್ಸರನ್ನು ಬೈದರು, ಇನ್ವರ್ಟರನ್ನು ಬೈದರು. ವೈರಿಂಗಿನ ಮಾತು ಬಂದಾಗ ಮಾತ್ರ ಹಾರ್ನು ಹೊಡೆದರು. ನಾನು ಮಡಿಲಲ್ಲಿ ಮೀಟರ್ ಇಟ್ಟುಕೊಂಡು ಯೋಚಿಸುತ್ತಿದ್ದೆ. ಬ್ಯಾಟರಿಯಲ್ಲಿ ಬಲವಿದೆ, ಇನ್ವರ್ಟರಿಗೆ ಅದು ಮುಟ್ಟುತ್ತಿಲ್ಲ. ಹಾಗಾದರೆ ನಡುದಾರಿಯಲ್ಲೇ ಎಲ್ಲೋ ಸೋರುತ್ತಿರಬೇಕು. ಸುಮ್ಮನಿದ್ದಾಗ ಅಳೆದರೆ ಅದು ಸಿಗದು, ಭಾರ ಬಿದ್ದಾಗಲೇ ಅಳೆಯಬೇಕು.

ಬಸವನ ಬಾಗೇವಾಡಿಯಲ್ಲಿ ನೆರಳು ನೋಡಿ ನಿಂತೆವು. ಮಿಕ್ಸರಿನ ಗುಂಡಿಯ ಹೊಣೆ ಅತ್ತೆಯದಾಯಿತು. ಗಂಡ ಟಾರ್ಚು ಹಿಡಿದು, ನಾನು ಮೀಟರ್ ಹಿಡಿದು ಮಂಚದ ಕೆಳಗೆ ಬೋರಲು ಮಲಗಿದೆವು.

"ಹಚ್ಚಲೇನ?" ಅತ್ತೆ ಮೇಲಿನಿಂದ ಕೂಗಿದರು.

"ಹಚ್ರಿ!"

ಗುರ್, ಕುಂಯ್. ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜು ಅಲುಗಲಿಲ್ಲ ಎನ್ನಬೇಕು. ಇನ್ವರ್ಟರಿನ ತುದಿಗಳಲ್ಲಿ ಅಳೆದಾಗ ಮಾತ್ರ ದೊಪ್ಪನೆ ಬಿತ್ತು. ಪ್ಲಸ್ ವೈರನ್ನು ಈ ತುದಿಯಿಂದ ಆ ತುದಿಗೆ ನೋಡಿದೆ, ಅದು ನೆಟ್ಟಗಿತ್ತು. ಉಳಿದದ್ದು ಮೈನಸ್. ಅದಕ್ಕೆ ನಾವು ಬೇರೆ ವೈರು ಎಳೆದಿರಲಿಲ್ಲ. ಬ್ಯಾಟರಿಯಿಂದ ಒಂದು, ಇನ್ವರ್ಟರಿನಿಂದ ಒಂದು ಗಿಡ್ಡ ವೈರು ತಂದು ಗಾಡಿಯ ತಗಡಿಗೆ ಬೋಲ್ಟ್ ಹಾಕಿದ್ದೆವು, ಕರೆಂಟು ತಗಡಿನ ಮೂಲಕವೇ ಮರಳಲಿ ಎಂದು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಬಾಗಿಲ ಬಳಿಯ ಬರಿಯ ಕಬ್ಬಿಣಕ್ಕೆ ಇಟ್ಟೆ. ಅಲ್ಲಿ ಸೊನ್ನೆ ಬರಬೇಕು.

"ಹಚ್ಚಲೇನ?"

"ಹಚ್ರಿ!"

ಸೊನ್ನೆ ಎಲ್ಲಿಂದ ಬಂದೀತು! ಎರಡು ವೋಲ್ಟನ್ನೂ ದಾಟಿತು.

"ಸಿಕ್ತು!" ಎಂದು ನಾನು ಎದ್ದ ರಭಸಕ್ಕೆ ಮಂಚದ ಹಲಗೆ ತಲೆಗೆ ಬಡಿಯಿತು. ಬ್ಯಾಟರಿಯ ಕಡೆಯ ಬೋಲ್ಟ್ ಮುಟ್ಟಿ ನೋಡಿದರೆ ಬೆಚ್ಚಗಾಗಿತ್ತು. ಬ್ಯಾಟರಿಯ ವೈರು ಬಿಡಿಸಿಟ್ಟು, ಗಂಡ ಬೋಲ್ಟ್ ಬಿಚ್ಚಿದರು. ಅದರ ಕೆಳಗೆ ಅಚ್ಚುಕಟ್ಟಾದ ನೀಲಿ ಬಣ್ಣ. ತುಕ್ಕು ಹಿಡಿಯಬಾರದೆಂದು ಅವರೇ ಎರಡೆರಡು ಸಲ ಬಳಿದ ಬಣ್ಣ. ಅದರ ಮೇಲೆ ಕೂತ ವೈರಿಗೆ ಕಬ್ಬಿಣ ತಾಗಿದ್ದೇ ಅಷ್ಟಕ್ಕಷ್ಟೆ. ಫ್ಯಾನಿನಂಥ ಹಗುರ ಕೆಲಸಕ್ಕೆ ಅಷ್ಟು ಸಾಕಾಗಿತ್ತು, ಮಿಕ್ಸರಿಗೆ ಸಾಲದು.

ಗಂಡ ಆ ಬಣ್ಣದ ಮೇಲೆ ಬೆರಳಾಡಿಸಿದರು.

"ಬಣ್ಣ ಮಾತ್ರ ಭಾರಿ ಚಂದ ಹಚ್ಚೇನಿ, ಹೌದಿಲ್ಲೋ?"

ನನಗೆ ನಗು ತಡೆಯಲಾಗಲಿಲ್ಲ. "ಹೌದ್ರಿ. ಅದರಾಗ ಎರಡು ಮಾತಿಲ್ಲ."

ಉಸುಕಿನ ಕಾಗದ ತಂದು, ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಅವರೇ ತಿಕ್ಕಿದರು. ಬೋಲ್ಟ್ ಬಿಗಿದು, ಮೇಲೆ ಗ್ರೀಸು ಸವರಿದರು. ಇನ್ವರ್ಟರಿನ ಕಡೆಯ ಬೋಲ್ಟಿಗೂ ಅದೇ ಉಪಚಾರವಾಯಿತು. ಅತ್ತೆ ಈ ಸಲ ಯಾರನ್ನೂ ಕೇಳದೆ ಗುಂಡಿ ತಿರುಗಿಸಿದರು. ಮಿಕ್ಸರ್ ಎಂಥ ಅಬ್ಬರದಿಂದ ತಿರುಗಿತೆಂದರೆ, ಮುಚ್ಚಳ ಹಿಡಿಯಲು ಮರೆತಿದ್ದ ಅತ್ತೆಯ ಸೀರೆ, ನನ್ನ ಕೂದಲು, ಗಂಡನ ಮೀಸೆ ಎಲ್ಲಕ್ಕೂ ಶೇಂಗಾ ಚಟ್ನಿ ಮೆತ್ತಿತು. ಕಣ್ಣಿಗೆ ಖಾರ ಬಿದ್ದು ಗಂಡ ಗಾಡಿಯ ಸುತ್ತ ಕುಣಿಯುತ್ತಿದ್ದರೆ, ಅತ್ತೆ ಬೆರಳಿಗಂಟಿದ್ದನ್ನು ನೆಕ್ಕಿ, "ಉಪ್ಪು ಕಡಿಮಿ ಆಗೇತಿ," ಎಂದರು.

ಆ ರಾತ್ರಿ ಮುದ್ದೇಬಿಹಾಳದಲ್ಲಿ ಪರಿಚಯದವರ ಮನೆಯ ಮುಂದೆ ಗಾಡಿ ನಿಲ್ಲಿಸಿ, ಫ್ಯಾನಿನ ಕೆಳಗೆ ಸುಖವಾಗಿ ಮಲಗಿದೆವು. ಬೆಳಿಗ್ಗೆ ತಂಗಡಗಿ ಮುಟ್ಟಿದಾಗ ಅತ್ತೆಯ ತಂಗಿ ಚಿಗವ್ವ ಓಣಿಯ ತುದಿಗೇ ಬಂದು ನಿಂತಿದ್ದರು. ಅಕ್ಕತಂಗಿಯರು ಒಬ್ಬರ ಗಲ್ಲ ಒಬ್ಬರು ಹಿಡಿದುಕೊಂಡು ಅತ್ತರು, ಆಮೇಲೆ ಯಾರು ಹೆಚ್ಚು ಮುದುಕಿಯಾಗಿದ್ದಾರೆಂದು ಜಗಳಾಡಿದರು.

ಅವತ್ತು ಊರಿನಲ್ಲಿ ನಸುಕಿನಿಂದಲೇ ಕರೆಂಟಿರಲಿಲ್ಲ. ಚಿಗವ್ವ ನಮಗೆಂದು ಹೋಳಿಗೆಗೆ ಬೇಳೆ ಬೇಯಿಸಿಟ್ಟು, ರುಬ್ಬುವ ದಾರಿ ಕಾಣದೆ ಕೂತಿದ್ದರಂತೆ.

"ತಗೊಂಡು ಬಾ ಇಲ್ಲಿ," ಎಂದು ಅತ್ತೆ ಗಾಡಿಯ ಬಾಗಿಲು ತೆರೆದರು.

ಹೂರಣ ನುಣ್ಣಗೆ ರುಬ್ಬಿ ಬಂತು. ಆ ಸದ್ದು ಕೇಳಿ ಪಕ್ಕದ ಮನೆಯಾಕೆ ಹಸಿಮೆಣಸಿನಕಾಯಿ ತಂದರು, ಎದುರು ಮನೆಯಾಕೆ ದೋಸೆಗೆ ನೆನೆಸಿದ ಅಕ್ಕಿ ತಂದರು. ಬ್ಯಾಟರಿ ಸೋಲಬಾರದೆಂದು ಗಂಡ ಎಂಜಿನ್ ಚಾಲು ಮಾಡಿ ಕೂತರು. ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರನ ಹಾಗೆ ಅತ್ತೆ, "ಒಬ್ಬೊಬ್ಬರ ಬರ್ರಿ, ನೂಕಬ್ಯಾಡ್ರಿ," ಎನ್ನುತ್ತಿದ್ದರು. ಅವರು ಅಷ್ಟು ಹುರುಪಿನಿಂದ ಇದ್ದದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಮಧ್ಯಾಹ್ನ ಕರೆಂಟು ಬಂತು. ಓಣಿ ಖಾಲಿಯಾಯಿತು, ಚಿಗವ್ವ ಮಾತ್ರ ಗಾಡಿಯಿಂದ ಇಳಿಯಲಿಲ್ಲ. ಮಂಚದ ಮೇಲೆ ಕಾಲು ಚಾಚಿ, ಫ್ಯಾನನ್ನು ತಮ್ಮ ಕಡೆ ತಿರುಗಿಸಿಕೊಂಡು, ಹೋಳಿಗೆ ತಿನ್ನುತ್ತಿದ್ದ ನನ್ನ ಗಂಡನನ್ನು ಕೇಳಿದರು:

"ತಮ್ಮಾ, ಈ ಗಾಡಿ ಇನ್ನ ಮುಂದ ಎಲ್ಲಿಗೆ ಹೊಂಟೈತಿ?"

"ಇಂಡಿಗೆ ಚಿಗವ್ವ. ಮನಿಗೆ."

"ಹಂಗಾರ ನನ್ನ ಸೀರಿ ಗಂಟು ಕಟ್ಟಿಕೊಂಡು ಬರ್ತೇನಿ, ತಡಿ," ಎಂದು ಮನೆಯೊಳಗಿದ್ದ ತಮ್ಮ ಸೊಸೆಯನ್ನು ಕೂಗಿದರು.