ಗಿಂಡಿಯ ಗಂಗೆ, ಚೊಂಬಿನ ನೀರು

‘ಸಾರ್, ನಿಮ್ಮನೇಲಿ ಇಕ್ಕಳ ಇದ್ಯಾ? ಅಪ್ಪಂಗೆ ನೀರು ಕುಡಿಸ್ಬೇಕು.’

ಕಳೆದ ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ನಾಗರಾಜ ನನ್ನ ಬಾಗಿಲಲ್ಲಿ ನಿಂತು ಹೀಗೆ ಕೇಳಿದ. ಇಲ್ಲೇ ಅರಸೀಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತ, ಬಿ.ಎ. ಪಾಸಾದವನು. ನೀರು ಕುಡಿಸುವುದಕ್ಕೆ ಲೋಟ ಬೇಕು. ಹಸುಗೂಸಿಗಾದರೆ ಒಳಲೆ ಬೇಕು. ಇಕ್ಕಳ ಏಕಪ್ಪಾ?

‘ಕಾಶಿ ಗಿಂಡಿ ಸಾರ್. ಬೆಸುಗೆ ಬಿಡ್ತಾನೇ ಇಲ್ಲ’ ಎಂದ. ಕಣ್ಣು ತುಂಬಿತ್ತು. ಇಕ್ಕಳ ಹುಡುಕಿಕೊಂಡು ನಾನೂ ಅವನ ಹಿಂದೆ ಓಡಿದೆ.

ಕಾಶಿ ಗಿಂಡಿ ನಿಮಗೆ ಗೊತ್ತು. ಕಾಶಿಗೆ ಹೋಗಿಬಂದವರ ಮನೆಯಲ್ಲೆಲ್ಲ ಇರುತ್ತದೆ. ಮುಷ್ಟಿಗಾತ್ರದ ತಾಮ್ರದ ಗಿಂಡಿ, ಒಳಗೆ ಗಂಗೆ, ಬಾಯಿಗೆ ಭದ್ರವಾದ ಬೆಸುಗೆ. ತಂದವರು ಸಮಾರಾಧನೆ ಮಾಡಿ, ನಂಟರಿಗೆಲ್ಲ ಬಡಿಸಿ, ಅದನ್ನು ದೇವರ ಗೂಡಿನಲ್ಲಿ ಕೂರಿಸುತ್ತಾರೆ. ಆಮೇಲೆ ಯಾರಾದರೂ ಸಾಯುವ ತನಕ ಕಾಯುತ್ತಾರೆ. ಪ್ರಾಣ ಹೋಗುವ ಹೊತ್ತಿಗೆ ಬೆಸುಗೆ ಒಡೆದು ಒಂದು ಉದ್ಧರಣೆ ಬಾಯಿಗೆ ಬಿಟ್ಟರೆ ಮೋಕ್ಷ. (ಬದುಕುವವನಿಗೆ ಕೊಟ್ಟರೆ ದಂಡ.)

ನಾಗರಾಜನ ತಂದೆಯನ್ನು ಬೀದಿಯವರೆಲ್ಲ ಮೇಷ್ಟ್ರು ಎನ್ನುತ್ತೇವೆ. ರಿಟೈರಾದ ಮಿಡ್ಲ್ ಸ್ಕೂಲ್ ಮೇಷ್ಟ್ರು. ವಾರದಿಂದ ಜ್ವರ. ಡಾಕ್ಟರು ಬಂದು ಮಿಕ್ಸ್ಚರ್ ಕೊಟ್ಟು, ‘ಕಾಸಿ ಆರಿಸಿದ ನೀರು ಕೇಳಿದಷ್ಟು ಕೊಡಿ, ಮೈಯಲ್ಲಿ ನೀರೇ ಇಲ್ಲ’ ಎಂದು ಹೇಳಿ ಹೋಗಿದ್ದರು. ಮೇಷ್ಟ್ರ ಹೆಂಡತಿ ಸೀತಮ್ಮನವರು ಹಿತ್ತಲ ಬಾವಿಯ ನೀರು ಕಾಸಿ ಚೊಂಬಿನಲ್ಲಿ ತುಂಬಿ ತಲೆದೆಸೆಯಲ್ಲೇ ಇಟ್ಟಿದ್ದರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ಭಾನುವಾರ ಬೆಳಗಿನ ಬಸ್ಸಿಗೆ ಬೇಲೂರಿನಿಂದ ಸೀತಮ್ಮನವರ ಅಣ್ಣ ಶೇಷಪ್ಪನವರು ಬಂದಿಳಿದರು. ಪೌರೋಹಿತ್ಯ ಅವರ ಕಸುಬು. ಮೇಷ್ಟ್ರ ಉಸಿರಾಟ ನೋಡಿದರು, ಕಾಲು ಮುಟ್ಟಿದರು, ತಲೆಯಾಡಿಸಿದರು. ಡಾಕ್ಟರಿಗೆ ಕಾಣದ್ದು ಅವರಿಗೆ ಕಂಡುಬಿಟ್ಟಿತು. ಚೊಂಬನ್ನು ಎತ್ತಿ ಕಿಟಕಿಯ ಮೇಲಿಟ್ಟರು. ಇನ್ನು ಬೇರೆ ನೀರು ಬಾಯಿಗೆ ಬೀಳಕೂಡದು, ಗಂಗೆಯೇ ಕೊನೆಯ ನೀರಾಗಬೇಕು ಎಂದು ಅಪ್ಪಣೆಯಾಯಿತು.

ನಾನು ಹೋದಾಗ ನಡುಮನೆಯಲ್ಲಿ ಗಿಂಡಿಗೆ ಶಸ್ತ್ರಚಿಕಿತ್ಸೆ ನಡೆದಿತ್ತು. ಗುಂಡುಕಲ್ಲಿನಿಂದ ಕುಟ್ಟಿ, ಈಳಿಗೆಯ ತುದಿಯಿಂದ ಮೀಟಿ ಆಗಿತ್ತು. ಈಗ ನನ್ನ ಇಕ್ಕಳ. ಗಿಂಡಿಯ ಹೊಟ್ಟೆ ಕುಗ್ಗಿತೇ ಹೊರತು ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟವರು ಮೇಷ್ಟ್ರು. ‘ನೀರು’ ಎಂದರು. ತುಟಿ ಒಣಗಿ ಸೀಳಿತ್ತು. ಕಣ್ಣು ಕಿಟಕಿಯ ಮೇಲಿನ ಚೊಂಬಿನ ಮೇಲೇ ಇತ್ತು.

‘ತಡೀರಿ, ಗಂಗೇನೇ ಬರ್ತಾಳೆ’ ಎಂದು ಶೇಷಪ್ಪನವರು ಸಮಾಧಾನ ಹೇಳಿದರು.

‘ಪಕ್ಕದ ಬೀದೀಲಿ ಕಲಾಯಿ ಸಾಬರಿದ್ದಾರೆ, ಕರೀಲಾ ಮಾವ?’ ಎಂದ ನಾಗರಾಜ.

‘ಏನೋ ನೀನು, ಅವನು ಮುಟ್ಟಿದ ಮೇಲೆ ಅದು ಗಂಗೆ ಆಗಿರುತ್ತೇನೋ?’

‘ಕಾಶೀಲಿ ಬೆಸುಗೆ ಹಾಕಿದೋನು ಯಾರು ಅಂತ ಕೇಳಿದ್ರಾ ಶೇಷಪ್ಪನೋರೇ?’ ಎಂದೆ. ಅವರು ಗಿಂಡಿಯ ಕಡೆಗೇ ತಿರುಗಿ ‘ಇನ್ನೊಂದ್ಸಲ ಮೀಟೋ’ ಎಂದರು.

ನನಗೆ ಮೈ ಉರಿಯಿತು. ಈ ಮಹಾಶಯರು ಬೆಳಗಾದರೆ ಬಚ್ಚಲಲ್ಲಿ ಕೂತು ಮಂತ್ರ ಹೇಳಿ ಏಳು ನದಿಗಳನ್ನು ಸ್ನಾನದ ಹಂಡೆಗೆ ಕರೆಸಿಕೊಳ್ಳುವವರು. ತಮ್ಮ ಬೆನ್ನು ತೊಳೆಯಲು ಗಂಗೆ, ಯಮುನೆ, ಕಾವೇರಿ ಕೂಗಿದ ಕೂಡಲೇ ಬರಬೇಕು. ಭಾವನ ಗಂಟಲು ಒಣಗುವಾಗ ಮಾತ್ರ ಅದೇ ಗಂಗೆ ಒಂದು ಚೊಂಬಿಗೆ ಬರಲಾರಳೇ?

ಅಷ್ಟೇಕೆ, ಆ ಹಿತ್ತಲ ಬಾವಿ ತೋಡಿದಾಗ ತಳದಲ್ಲಿ ತೇವ ಕಂಡ ಕೂಡಲೇ ‘ಗಂಗಮ್ಮ ಬಂದ್ಳು’ ಎಂದು ಕೂಗಿ ಕಾಯಿ ಒಡೆದವರು ಇದೇ ಮನೆಯವರು. ಬಂದ ದಿನ ಗಂಗಮ್ಮ, ಮಾರನೆಯ ದಿನದಿಂದ ಬರೀ ನೀರು. ಮಾತಿನಲ್ಲಿ ನಮ್ಮಷ್ಟು ಧಾರಾಳಿಗಳು ಇಲ್ಲ. ಮಗ ಅಪ್ಪನಿಗೆ ಕಾಗದ ಬರೆದರೆ ‘ತೀರ್ಥರೂಪು’ ಎಂದೇ ಶುರು. ಆ ತೀರ್ಥರೂಪು ಎದುರಿಗೇ ಬಾಯಾರಿ ಮಲಗಿದ್ದರೆ ಮಗ ಇಕ್ಕಳ ಹುಡುಕುತ್ತಾನೆ! (ಪಾನನಿರೋಧದ ಈ ಕಾಲದಲ್ಲಿ ಕದ್ದು ಮಾರುವ ಸರಕಿಗೂ ನಮ್ಮವರು ತೀರ್ಥ ಎಂದೇ ಹೆಸರಿಟ್ಟಿದ್ದಾರೆ. ಅದರ ಬಿರಡೆ ಎಂದಾದರೂ ಇಷ್ಟು ಹಟ ಮಾಡಿದ್ದುಂಟೇ?)

‘ನೀರು’ ಎಂದರು ಮೇಷ್ಟ್ರು ಮತ್ತೆ. ಈ ಸಲ ಸ್ವರವೇ ಇರಲಿಲ್ಲ, ತುಟಿ ಮಾತ್ರ ಅಲುಗಿತು.

ಬಾಗಿಲ ಹತ್ತಿರ ನಿಂತಿದ್ದ ಸೀತಮ್ಮನವರು ಸೆರಗು ಸಿಕ್ಕಿಸಿಕೊಂಡು ನೇರ ಕಿಟಕಿಯ ಕಡೆ ಹೋದರು. ಅಣ್ಣನ ಎದುರು ಕೂತು ಮಾತಾಡಿದ್ದನ್ನೂ ನಾನು ಕಾಣೆ. ಚೊಂಬು ತೆಗೆದುಕೊಂಡರು.

‘ಸೀತೂ! ಅವರ ಸದ್ಗತಿ ಕೆಡಿಸ್ತೀಯೇನೇ?’

‘ಅವರು ಕೇಳ್ತಿರೋದು ಸದ್ಗತಿ ಅಲ್ಲ ಅಣ್ಣಯ್ಯ, ನೀರು’ ಎಂದರು. ‘ಪಾಪ ಬಂದ್ರೆ ನಂಗೆ ಬರ್ಲಿ.’

ಗಂಡನ ತಲೆಯನ್ನು ತೋಳಿನ ಮೇಲೆ ಎತ್ತಿಕೊಂಡು ಗುಟುಕು ಗುಟುಕಾಗಿ ಕುಡಿಸಿದರು. ಮೊದಲು ಒಂದಿಷ್ಟು ಕಟಬಾಯಿಯಲ್ಲಿ ಹರಿದುಹೋಯಿತು. ಆಮೇಲೆ ಗಂಟಲು ಕೆಲಸ ಮಾಡಿತು. ಚೊಂಬು ಖಾಲಿಯಾಯಿತು. ನನಗಂತೂ ಆ ತಾಯಿಗೆ ಕೈಮುಗಿಯಬೇಕೆನ್ನಿಸಿತು.

ಸಂಜೆಗೆ ಮೇಷ್ಟ್ರ ಮೈ ಬೆವರಿ ಜ್ವರ ಇಳಿಯಿತು. ಮರುದಿನ ಗಂಜಿ ಕುಡಿದರು. ಬುಧವಾರ ಮಂಚದ ಮೇಲೆ ಎದ್ದು ಕೂತು ಪೇಪರ್ ಕೇಳಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ. ಶೇಷಪ್ಪನವರು ಊರಿಗೆ ಹೊರಡುವ ಮುನ್ನ ಬೀದಿಯವರಿಗೆಲ್ಲ ಹೇಳಿಹೋದದ್ದು ಇದು: ಗಂಗೆಯನ್ನು ಬಾಯಿಗೆ ಬಿಡುವುದೂ ಬೇಕಾಗಲಿಲ್ಲ, ಗಿಂಡಿಯನ್ನು ಹತ್ತಿರ ತಂದದ್ದಕ್ಕೇ ಯಮ ಹಿಂದಕ್ಕೆ ಹೋದ! ಈ ಶುಕ್ರವಾರ ಮನೆಯಲ್ಲಿ ಪೂಜೆಯಂತೆ. ಬಾವಿಗಲ್ಲ, ಗಿಂಡಿಗೆ. ನಾಗರಾಜ ಕರೆಯಲು ಬಂದಿದ್ದ. ‘ನಿಮ್ಮಮ್ಮನಿಗೆ ಒಂದು ಹೂವಾದ್ರೂ ಕೊಡ್ತೀರೇನಯ್ಯಾ?’ ಎಂದು ಕೇಳಿದೆ.

ನಿನ್ನೆ ಮೇಷ್ಟ್ರನ್ನು ನೋಡಿಬರಲು ಹೋಗಿದ್ದೆ. ಸೊಟ್ಟಗಾದ ಗಿಂಡಿ ಮತ್ತೆ ದೇವರ ಗೂಡು ಸೇರಿದೆ, ಬೆಸುಗೆ ಹಾಗೇ ಇದೆ. ಮೇಷ್ಟ್ರು ಅತ್ತಿತ್ತ ನೋಡಿ, ಹೊದಿಕೆಯ ಅಂಚು ಸರಿಸಿ, ಪಕ್ಕದಲ್ಲಿ ಅಡಗಿಸಿಟ್ಟುಕೊಂಡ ಒಂದು ಚೊಂಬು ನೀರನ್ನು ನನಗೆ ತೋರಿಸಿದರು.

ಮನೆ ತುಂಬ ಮೋಕ್ಷ ಕೊಡಿಸಲು ಕಾದಿರುವ ನಂಟರಿದ್ದರೆ, ಪಾಪ, ಮನುಷ್ಯ ಇನ್ನೇನು ಮಾಡಿಯಾನು?