ಉಪ್ಪಿನಕಾಯಿ ಡಬ್ಬಿಯ ಚೀಟಿಗಳು

ಮೊನ್ನೆ ಅಡುಗೆಮನೆಯ ಅಟ್ಟದಿಂದ ಹಳೆಯ ತಗಡಿನ ಡಬ್ಬಿಯೊಂದನ್ನು ಇಳಿಸಿ ಮುಚ್ಚಳ ತೆಗೆದೆ. ಒಳಗೆ ಏನೂ ಇರಲಿಲ್ಲ. ಆದರೂ ಇಂಗು, ಮೆಂತ್ಯ, ಹಳೆಯ ಎಣ್ಣೆ ಮೂರೂ ಕೂಡಿದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಉಪ್ಪಿನಕಾಯಿಯ ವಾಸನೆ. ನನಗೆ ಅದು ನಾಲ್ಕು ಮಡಿಕೆ ಮಾಡಿದ ಚೀಟಿಗಳ ವಾಸನೆ. ಅದರ ಬೆನ್ನಿಗೇ ನಮ್ಮ ಕಾಲೇಜಿನ ಅಕ್ಕಾರು ನೆನಪಾದರು...

ಇಪ್ಪತ್ತು ವರ್ಷದ ಹಿಂದಿನ ಮಾತು. ನವಲಗುಂದದ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ನಾನು ಬಿ.ಎ. ಎರಡನೇ ವರ್ಷ ಓದುತ್ತಿದ್ದೆ. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಅಕ್ಕಾರು ಅನ್ನುತ್ತಾರೆ, ಇವರು ನಮಗೆ ಸಮಾಜಶಾಸ್ತ್ರ ಕಲಿಸುತ್ತಿದ್ದರು. ಕಾಯಂ ನೌಕರಿಯಲ್ಲ, ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಪಟ್ಟಿಯಲ್ಲಿ ಹೆಸರು ಬಂದರೆ ಉಂಟು, ಬರದಿದ್ದರೆ ಇಲ್ಲ. ದಿನಾಲು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಲವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ, ನಕ್ಕರೆ ವರಾಂಡದ ಆ ತುದಿಗೆ ಕೇಳಿಸುತ್ತಿತ್ತು. ನಮ್ಮೂರಿನವರು ಸಂಶಯಪಡಲು ಇಷ್ಟು ಸಾಕಿತ್ತು. ನನಗೆ ಇದಕ್ಕಿಂತ ಕಡಿಮೆ ಇದ್ದರೂ ಸಾಕಾಗುತ್ತಿತ್ತು. ಸಂಶಯ ನನ್ನ ಹುಟ್ಟುಗುಣ. ಯಾರಾದರೂ ಪ್ರೀತಿಯಿಂದ ಮಾತಾಡಿಸಿದರೆ ಇವರಿಗೆ ನನ್ನಿಂದ ಏನು ಬೇಕಾಗಿದೆ ಎಂದೇ ಮೊದಲು ಯೋಚಿಸುತ್ತಿದ್ದೆ.

ಆ ವರ್ಷ ಹುಡುಗಿಯರಿಗೆ ಆರೋಗ್ಯದ ಬಗ್ಗೆ ತಿಳಿಹೇಳಬೇಕೆಂದು ಮೇಲಿನಿಂದ ಆದೇಶ ಬಂತಂತೆ. ಕಾಯಂ ಇದ್ದವರೆಲ್ಲ ಮೆಲ್ಲಗೆ ಜಾರಿಕೊಂಡರು, ಕೆಲಸ ಅಕ್ಕಾರ ಕೊರಳಿಗೆ ಬಿತ್ತು. ಶನಿವಾರ ತರಗತಿ ಮುಗಿದ ಮೇಲೆ ಲೇಡೀಸ್ ರೂಮಿನ ಬಾಗಿಲು ಹಾಕಿಕೊಂಡು ಮೂವತ್ತು ಹುಡುಗಿಯರು ಕೂರುತ್ತಿದ್ದೆವು. ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ. ಎರಡನೇ ವಾರ ಅಕ್ಕಾರು ಮನೆಯಿಂದ ಉಪ್ಪಿನಕಾಯಿಯ ಡಬ್ಬಿ ತಂದರು. ಮುಚ್ಚಳದಲ್ಲಿ ಸೀಳು ಮಾಡಿಸಿದ್ದರು. ಎಲ್ಲರಿಗೂ ಒಂದೇ ಅಳತೆಯ ಕಾಗದ ಹಂಚಿ ಹೇಳಿದರು.

"ಎಲ್ಲಾರೂ ಬರೀಬೇಕು. ಹೆಸರ ಹಾಕಬ್ಯಾಡ್ರಿ. ಪ್ರಶ್ನಿ ಇಲ್ಲದವರು ಮುಂಜಾನೆ ಏನ ತಿಂದ ಬಂದೀರಿ ಅದನ್ನರ ಬರೀರಿ."

ಹುಡುಗಿಯರು ಕಿಸಕ್ಕೆಂದು ನಕ್ಕರು. ಆದರೆ ಎಲ್ಲರ ಪೆನ್ನೂ ಓಡುತ್ತಿದ್ದಾಗ ಯಾರು ಪ್ರಶ್ನೆ ಬರೆದರು, ಯಾರು ಉಪ್ಪಿಟ್ಟು ಎಂದು ಬರೆದರು ಎಂಬುದು ಬಾಜೂಕಿನವಳಿಗೂ ತಿಳಿಯುತ್ತಿರಲಿಲ್ಲ. ಮುಂದಿನ ಶನಿವಾರ ಅಕ್ಕಾರು ಒಂದು ನೋಟ್‌ಬುಕ್ ತಂದು, ಒಂದೊಂದೇ ಪ್ರಶ್ನೆ ಓದಿ ಉತ್ತರ ಹೇಳಿದರು. ಮುಟ್ಟಿನ ಹೊಟ್ಟೆನೋವು, ಗರ್ಭ ನಿಲ್ಲದಂತೆ ಏನು ಮಾಡಬೇಕು, ಒಬ್ಬರಿಂದೊಬ್ಬರಿಗೆ ಯಾವ ರೋಗ ಹೇಗೆ ಹತ್ತುತ್ತದೆ... ಮದುವೆಯಾದ ಮೇಲೆ ಗಂಡನಿಗೆ ಬೇಡ ಅನ್ನಬಹುದೇ ಎಂದು ಯಾರೋ ಕೇಳಿದ್ದರು. "ಅನ್ನಬಹುದು" ಎಂದು ಅಕ್ಕಾರು ಒಂದೇ ಮಾತಿನಲ್ಲಿ ಹೇಳಿ ಹಾಳೆ ತಿರುವಿದರು.

ನಾನು ಡಬ್ಬಿ ಬಂದ ಮೊದಲೆರಡು ವಾರವೂ 'ರೊಟ್ಟಿ, ಬದನಿಕಾಯಿ ಪಲ್ಯ' ಎಂದು ಬರೆದಿದ್ದೆ. ನನಗೂ ಕೇಳುವುದಿತ್ತು. ಎರಡು ತಿಂಗಳಿಂದ ಕೆಳಗೆ ವಿಪರೀತ ತುರಿಕೆ, ಉರಿ. ತರಗತಿಯಲ್ಲಿ ಒಂದು ತಾಸು ಕೂರುವುದೇ ಕಷ್ಟವಾಗಿತ್ತು. ಗಂಡಸಿನ ಸಹವಾಸ ಮಾಡಿದವರಿಗಷ್ಟೇ ಇಂಥದ್ದು ಬರುತ್ತದೆ ಎಂದು ಊರಿನಲ್ಲಿ ಹೆಂಗಸರು ಆಡಿಕೊಳ್ಳುವುದನ್ನು ಕೇಳಿದ್ದೆ. ನಾನು ಯಾರ ಸಹವಾಸವನ್ನೂ ಮಾಡಿರಲಿಲ್ಲ. ಆದರೆ ನಂಬುವವರು ಯಾರು? ಅದೇ ಹೊತ್ತಿಗೆ ಅಳ್ನಾವರದಿಂದ ನನಗೆ ಸಂಬಂಧ ಬಂದಿತ್ತು, ಮಾತುಕತೆ ಮುಗಿಯುತ್ತ ಬಂದಿತ್ತು. ವಿಷಯ ಹೊರಗೆ ಬಿದ್ದರೆ ಮದುವೆ ಮುರಿಯುವುದಷ್ಟೇ ಅಲ್ಲ, ಅವ್ವ ಊರಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಕೊನೆಗೆ ಮೂರನೇ ಸಲ ಡಬ್ಬಿ ಬಂದಾಗ ಎಡಗೈಯಿಂದ ಸೊಟ್ಟಸೊಟ್ಟಾಗಿ ನನ್ನ ಪ್ರಶ್ನೆ ಬರೆದು ಹಾಕಿದೆ.

ಹಾಕಿದ ಗಳಿಗೆಯಿಂದ ನನ್ನ ನಿದ್ದೆ ಹಾರಿತು. ಅಕ್ಕಾರು ವರಾಂಡದಲ್ಲಿ ಯಾರನ್ನು ನೋಡಿ ನಕ್ಕರು, ಯಾರ ಊರು ಕೇಳಿದರು ಎಂದು ಕಣ್ಣಿಟ್ಟು ಕಾದೆ. ಶುಕ್ರವಾರ ಮಧ್ಯಾಹ್ನ ಮರೆತ ಬುತ್ತಿಚೀಲ ತರಲು ಲೇಡೀಸ್ ರೂಮಿಗೆ ಹೋದರೆ ಅಕ್ಕಾರು ಒಬ್ಬರೇ ಕೂತಿದ್ದರು. ಮೇಜಿನ ತುಂಬ ನಮ್ಮ ಚೀಟಿಗಳು. ಒಂದೊಂದನ್ನೇ ಎತ್ತಿ ನೋಡಿ ನೋಟ್‌ಬುಕ್ಕಿನಲ್ಲಿ ಇಳಿಸಿಕೊಳ್ಳುತ್ತಿದ್ದರು. ಪಕ್ಕದಲ್ಲೇ ನಮ್ಮ ಟೆಸ್ಟ್ ಪೇಪರುಗಳ ಕಟ್ಟು. ಅಕ್ಷರ ತಾಳೆ ನೋಡುತ್ತಿದ್ದಾರೆ, ಯಾರು ಏನು ಕೇಳಿದರೆಂದು ಲೆಕ್ಕ ಇಡುತ್ತಿದ್ದಾರೆ ಎಂದುಕೊಂಡೆ. ಬುತ್ತಿ ಬಿಟ್ಟು ಹಾಗೇ ತಿರುಗಿದೆ.

ಅಂದು ಸಂಜೆ ನಾನು ಮಾಡಿದ್ದನ್ನು ಈಗಲೂ ಹೇಳಲು ನಾಚಿಕೆಯಾಗುತ್ತದೆ. ನಮ್ಮ ಮನೆಯಲ್ಲಿ ಅಪ್ಪ ಹೊಲ ನೋಡಿಕೊಂಡರೆ ಉಳಿದ ಹಿರೇತನವೆಲ್ಲ ಅಪ್ಪನ ತಮ್ಮ, ನಮ್ಮ ಕಾಕಾನದು. ಅಕ್ಕಾರು ನನ್ನ ಬಗ್ಗೆ ಹೇಳುವ ಮೊದಲೇ ನಾನು ಅವರ ಬಗ್ಗೆ ಹೇಳಿಬಿಟ್ಟರೆ ಆಮೇಲೆ ಅವರ ಮಾತನ್ನು ಯಾರೂ ನಂಬುವುದಿಲ್ಲ ಎಂದು ನನ್ನ ತಲೆ ಓಡಿತು. ಕಾಲೇಜಿನಲ್ಲಿ ಒಬ್ಬರು ಅಕ್ಕಾರು ಬಾಗಿಲು ಹಾಕಿಕೊಂಡು ಹುಡುಗಿಯರ ಕಡೆಯಿಂದ ಹೊಲಸು ಬರೆಸುತ್ತಾರೆ ಎಂದು ಕಾಕಾನ ಮುಂದೆ ಹೇಳಿದೆ.

"ಯಾರಕಿ? ಹೆಸರ ಹೇಳು" ಎಂದ ಕಾಕಾ. ಹೇಳಿದೆ, ಒಂದೇ ಉಸಿರಿಗೆ.

ಮರುದಿನ ಮುಂಜಾನೆ ಕಾಕಾ ಮತ್ತಿಬ್ಬರನ್ನು ಕಟ್ಟಿಕೊಂಡು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದ. ನನ್ನನ್ನೂ ಕರೆದುಕೊಂಡು ಹೋಗಿ ಹಿಂದೆ ನಿಲ್ಲಿಸಿಕೊಂಡ. ಅಕ್ಕಾರನ್ನು ಕರೆಸಿದರು, ನೋಟ್‌ಬುಕ್ ತರಿಸಿದರು. ಪ್ರಿನ್ಸಿಪಾಲರು ಹಾಳೆ ತಿರುವಿದಂತೆ ಅವರ ಕಿವಿ ಕೆಂಪಾದವು. ದುಂಡಗಿನ ಅಕ್ಷರದಲ್ಲಿ ಎಲ್ಲರ ಪ್ರಶ್ನೆಗಳೂ ಇದ್ದವು. ಕೊನೆಯ ಹಾಳೆಯಲ್ಲಿ ನನ್ನದೂ ಇತ್ತು.

ಅಷ್ಟಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದೆ. ಆದರೆ ಕಾಕಾ ಮೇಜು ಕುಟ್ಟಿದ. "ಇದನ್ನೆಲ್ಲಾ ಕೇಳಿದ ಹುಡುಗ್ಯಾರ ಯಾರ್ರಿ? ಹೆಸರ ಬೇಕ ನಮಗ. ಅವರ ಮನಿಯವರಿಗೂ ಗೊತ್ತಾಗ್ಲಿ."

ಪ್ರಿನ್ಸಿಪಾಲರು ಅಕ್ಕಾರ ಕಡೆ ತಿರುಗಿದರು. "ಹುಡುಗ್ಯಾರ ಬರದ ಚೀಟಿ ಕೊಡ್ರಿ. ಟೆಸ್ಟ್ ಪೇಪರ್ ಬಾಜೂಕ ಇಟ್ಟು ಅಕ್ಷರ ನೋಡೂಣು."

ಅಕ್ಕಾರು ಮಾಡುತ್ತಿದ್ದಾರೆ ಎಂದು ನಾನು ಹೆದರಿದ್ದನ್ನು ಈಗ ಇವರು ಮಾಡಲು ಹೊರಟಿದ್ದರು, ಅದೂ ನಾನು ಹೇಳಿದ ಮಾತಿನಿಂದ.

"ಚೀಟಿ ಇಲ್ಲರಿ" ಎಂದರು ಅಕ್ಕಾರು. "ವಾರಾ ವಾರಾ ಬರಕೊಂಡ ಮ್ಯಾಲೆ ಒಲಿಗೆ ಹಾಕತೀನಿ."

"ಹಂಗಾರ ಇವು ಯಾರ ಪ್ರಶ್ನಿ?" ಎಂದರು ಪ್ರಿನ್ಸಿಪಾಲರು.

"ಅಕ್ಷರ ನಂದ ಐತಲ್ಲರಿ. ನಂದ ಅಂತ ತಿಳಕೋರಿ."

ಅವರು ಯಾಕೆ ನಕಲು ಮಾಡಿಕೊಳ್ಳುತ್ತಿದ್ದರೆಂದು ನನಗೆ ಆಗ ಅರ್ಥವಾಯಿತು. ಬಾಯಿ ತೆರೆಯಬೇಕಿತ್ತು. ಕಾಕಾನ ಬೆನ್ನ ಹಿಂದೆ ನಿಂತು ನೆಲ ನೋಡಿದೆ. ಸೋಮವಾರದಿಂದ ಬರಬೇಡಿ ಎಂದು ಅವರಿಗೆ ಅಲ್ಲೇ ಹೇಳಿದರು.

ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಅಕ್ಕಾರು ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದರು. ಕೈಯಲ್ಲಿ ಆ ಡಬ್ಬಿ. ತಪ್ಪಿಸಿಕೊಂಡು ಹೋಗಬೇಕೆಂದಿದ್ದೆ, ಅವರೇ ಕರೆದರು. ಈಗ ಬಯ್ಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ.

"ತುರಸೂದು ಕಡಿಮಿ ಆತೇನವಾ?" ಎಂದರು.

ಅವರಿಗೆ ಗೊತ್ತಿತ್ತು! ಎಡಗೈ ಅಕ್ಷರವನ್ನು ಹೇಗೆ ಕಂಡುಹಿಡಿದರೋ, ನಾನು ಬೆಂಚಿನ ಮೇಲೆ ಚಡಪಡಿಸುವುದನ್ನು ನೋಡಿ ತಿಳಿದರೋ... ಇವತ್ತಿಗೂ ತಿಳಿಯದು. ಅಂದರೆ ನನ್ನ ಸಂಶಯ ಪೂರ್ತಿ ಸುಳ್ಳಾಗಿರಲಿಲ್ಲ. ಗೊತ್ತಿದ್ದೂ ಆ ಕೋಣೆಯಲ್ಲಿ ಅವರು ನನ್ನ ಕಡೆ ಒಂದು ಸಲವೂ ಕಣ್ಣು ಹಾಯಿಸಿರಲಿಲ್ಲ.

"ಅದೇನ ಕೆಟ್ಟ ಬ್ಯಾನಿ ಅಲ್ಲ. ಮದುವಿ ಆಗದವರಿಗೂ ಬರತೈತಿ. ಒಳಗಿನ ಬಟ್ಟಿ ಸೀರಿ ಕೆಳಗ ಮುಚ್ಚಿ ಒಣಗಸತಿಯಲ್ಲಾ? ಹಸೀ ಉಳಿದ್ರೂ ಬರತೈತಿ. ಬಿಸಲಾಗ ಹಾಕು. ಬ್ಯಾರೆ ಕಾರಣನೂ ಇರತಾವ, ಡಾಕ್ಟರಿಗೆ ತೋರಸಬೇಕು. ಸೋಮವಾರ ಹತ್ತಕ್ಕ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿಗೆ ಬಾ. ಲೇಡಿ ಡಾಕ್ಟರ್ ಅದಾರ, ನಾ ಕರಕೊಂಡ ಹೋಗತೀನಿ."

ಹೂಂ ಅಂದೆ. ಆದರೆ ನನ್ನ ಹಾಳು ಬುದ್ಧಿ ಬಿಡಬೇಕಲ್ಲ! ನೌಕರಿ ಕಳೆದ ಹೆಂಗಸು ನನ್ನ ಮೇಲೆ ಇಷ್ಟು ಮರುಕ ಯಾಕೆ ಪಡುತ್ತಾಳೆ, ಆಸ್ಪತ್ರೆಗೆ ಕರೆದೊಯ್ದು ಅಲ್ಲಿಂದಲೇ ಮನೆಗೆ ಸುದ್ದಿ ಮುಟ್ಟಿಸಿ ಸೇಡು ತೀರಿಸಿಕೊಳ್ಳಬಹುದು ಎನ್ನಿಸಿತು. ಸೋಮವಾರ ನಾನು ಬಸ್ ಹತ್ತಲಿಲ್ಲ.

ತಿಂಗಳ ಮೇಲೆ, ತಾಳಲಾಗದೆ, ಒಬ್ಬಳೇ ತಾಲೂಕಿನ ದವಾಖಾನೆಗೆ ಹೋದೆ. ಡಾಕ್ಟರ್ ಪರೀಕ್ಷೆ ಮಾಡಿ ಹೆಚ್ಚುಕಡಿಮೆ ಅಕ್ಕಾರ ಮಾತನ್ನೇ ಹೇಳಿ ಔಷಧಿ ಕೊಟ್ಟರು. ವಾರದಲ್ಲಿ ಗುಣವಾಯಿತು. ಮದುವೆಯಾಗಿ ಅಳ್ನಾವರಕ್ಕೆ ಬಂದೆ. ಮರುವರ್ಷದ ಪಟ್ಟಿಯಲ್ಲೂ ಅಕ್ಕಾರ ಹೆಸರಿರಲಿಲ್ಲವೆಂದು ಕೇಳಿದೆ.

ಬಹಳ ವರ್ಷಗಳ ನಂತರ ಒಂದು ಮದುವೆಮನೆಯಲ್ಲಿ ಹಳೆಯ ಸಹಪಾಠಿ ಸಿಕ್ಕಳು. ಅಕ್ಕಾರು ತೀರಿಹೋಗಿ ಎರಡು ವರ್ಷವಾಯಿತು ಎಂದಳು. ಕೊನೆಯ ಸಲ ಇವಳು ನೋಡಲು ಹೋಗಿದ್ದಾಗ ಅಕ್ಕಾರು, ಯಾವಳೋ ಒಬ್ಬ ಹುಡುಗಿಗಾಗಿ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನದವರೆಗೆ ಕಾದಿದ್ದೆ, ಅವಳಿಗೆ ಆರಾಮಾಯಿತೋ ಇಲ್ಲವೋ ಎಂದು ಅಂದರಂತೆ. ಯಾರೆಂದು ಕೇಳಿದರೆ "ಇದ್ದಳೊಬ್ಬಾಕಿ, ಬಿಡವಾ" ಎಂದು ಮಾತು ಮುಗಿಸಿದರಂತೆ. ಅದನ್ನು ಕೇಳಿ ನಾನು ಅರ್ಧ ಊಟಕ್ಕೇ ಎಲೆ ಮಡಚಿ ಎದ್ದೆ.

ಮೊನ್ನೆ ಅಟ್ಟದಿಂದ ಇಳಿಸಿದ ಡಬ್ಬಿಯನ್ನು ತೊಳೆದು ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಧಾರವಾಡದಲ್ಲಿ ಕಾಲೇಜು ಓದುವ ಮಗಳು ಅಲ್ಲೇ ತನ್ನ ಒಳಬಟ್ಟೆಗಳನ್ನು ಬಯಲಲ್ಲೇ ಒಣಹಾಕುತ್ತಿದ್ದಳು. ಸಣ್ಣವಳಿದ್ದಾಗಿನಿಂದ ನಾನೇ ಹಚ್ಚಿದ ರೂಢಿ. ನನ್ನ ಅತ್ತೆ ಇನ್ನೂ ಗೊಣಗುತ್ತಾರೆ.

"ಯವ್ವಾ, ಹಿಂಗ ಬಿಸಲಾಗ ಹಾಕಬೇಕು ಅಂತ ನಿನಗ ಯಾರ ಹೇಳಿದ್ರು?"

"ನಮ್ಮ ಕಾಲೇಜಿನ ಅಕ್ಕಾರು."

"ಏನ ಅವರ ಹೆಸರು?"

ಅಂದು ಕಾಕಾನ ಮುಂದೆ ಒಂದೇ ಉಸಿರಿಗೆ ಹೇಳಿದ ಹೆಸರು. ಮಗಳು ಕ್ಲಿಪ್ಪು ಹಿಡಿದುಕೊಂಡು ಕಾದಳು. ನನ್ನ ಬಾಯಿಂದ ಅದು ಹೊರಡಲೇ ಇಲ್ಲ.